ಅಂಕ ಘಟ್ಟ ಹತ್ತುವ ಮೊದಲು: ಪದವಿ ವಿದ್ಯಾರ್ಥಿಗಳಿಗೂ ಮೇಷ್ಟ್ರುಗಳಿಗೂ ಒಂದು ಮಾರ್ಗದರ್ಶಿ

ರಿಸಲ್ಟ್ ಬಂದ ಮರುದಿನ ಸ್ಟಾಫ್ ರೂಮಿನ ಬಾಗಿಲಿಗೆ ಬರುವ ಪ್ರಶ್ನೆಗಳು ಪ್ರತಿವರ್ಷ ಅವೇ. ‘ಸರ್, ಇಂಟರ್ನಲ್ಸ್ ಹದಿನೆಂಟು ಇತ್ತು, ಎಂಟು ತೋರಿಸ್ತಾ ಇದೆ.’ ‘ಪರೀಕ್ಷೆ ಬರೆದಿದ್ದೇನೆ, ಆಬ್ಸೆಂಟ್ ಅಂತ ಬಂದಿದೆ.’ ‘ಏಳು ಪಾಯಿಂಟ್ ಒಂದು ಅಂದ್ರೆ ಎಷ್ಟು ಪರ್ಸೆಂಟು?’ ಒಬ್ಬೊಬ್ಬರಿಗೆ ಹೇಳಿ ಸಾಕಾಗಿ, ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಹೆಚ್ಚಿನ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಕಾರವಾರದಿಂದ ಅಲ್ಲಿಗೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು, ನಡುವೆ ಅರಬೈಲು ಘಟ್ಟ. ಅಂಕ ಕಾಲೇಜಿನಲ್ಲೇ ಇರುವಾಗ ತಪ್ಪು ತಿದ್ದಲು ಐದು ನಿಮಿಷ ಸಾಕು. ಅದು ಘಟ್ಟ ಹತ್ತಿದ ಮೇಲೆ ಅರ್ಜಿ, ಪ್ರಾಂಶುಪಾಲರ ಪತ್ರ, ಚಲನ್, ಕಾಯುವುದು. ಶಿರಸಿ, ಸಿದ್ದಾಪುರದವರು ‘ನಾವು ಘಟ್ಟದ ಮೇಲೇ ಇದ್ದೇವಲ್ಲ’ ಎನ್ನಬೇಡಿ, ನಿಮಗೂ ಧಾರವಾಡ ಪಕ್ಕದ ಓಣಿಯಲ್ಲಿಲ್ಲ. ತಾವೇ ಪರೀಕ್ಷೆ ನಡೆಸುವ ಸ್ವಾಯತ್ತ ಕಾಲೇಜಿನವರಿಗೆ ಘಟ್ಟ ಕ್ಯಾಂಪಸ್ಸಿನೊಳಗೇ ಇದೆ, ಪರೀಕ್ಷಾ ವಿಭಾಗದ ಕಿಟಕಿಯ ರೂಪದಲ್ಲಿ. ದಾರಿ ಮಾತ್ರ ಬಹುಪಾಲು ಇದೇ.

ಮೊದಲು ಕೈಯಲ್ಲಿ ಇರಬೇಕಾದದ್ದು: ಯುಯುಸಿಎಂಎಸ್ ಲಾಗಿನ್ ಮತ್ತು ಅದರ ಪಾಸ್‌ವರ್ಡ್ (ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲವೂ ನಡೆಯುವ ರಾಜ್ಯದ ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆ ಇದು), ನಿಮ್ಮ ಬ್ಯಾಚಿನ ಪಠ್ಯಕ್ರಮದ ಪಿಡಿಎಫ್, ಕಾಲೇಜಿನ ಈ ವರ್ಷದ ಕ್ಯಾಲೆಂಡರ್, ಮತ್ತು ಒಂದು ಇನ್ನೂರು ಪುಟದ ನೋಟ್‌ಬುಕ್. ಲಾಗಿನ್‌ಗೆ ಕೊಟ್ಟ ಮೊಬೈಲ್ ನಂಬರ್ ನಿಮ್ಮದೇ ಇರಲಿ. ಅಡ್ಮಿಶನ್ ದಿನ ಸೈಬರ್ ಅಂಗಡಿಯವರ ನಂಬರ್ ಹಾಕಿಸಿಕೊಂಡು, ಮೂರನೇ ಸೆಮಿಸ್ಟರಿನಲ್ಲಿ ಓಟಿಪಿಗಾಗಿ ಅದೇ ಅಂಗಡಿ ಹುಡುಕುವವರು ಪ್ರತಿವರ್ಷ ಇಬ್ಬರಾದರೂ ಇರುತ್ತಾರೆ.

ಹಂತ 1: ನಿಮ್ಮ ನಿಯಮಪುಸ್ತಕ ಯಾವುದು ಎಂದು ತಿಳಿಯಿರಿ

ಸಲಹೆ ಕೇಳಲು ಬಂದವರಿಗೆ ನನ್ನ ಮೊದಲ ಪ್ರಶ್ನೆ: ‘ನೀವು ಸೇರಿದ್ದು ಯಾವ ವರ್ಷ?’ ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, ನಾಲ್ಕು ವರ್ಷದ ಆನರ್ಸ್ ಅವಕಾಶದ ಜೊತೆ. 2024ರ ಮೇ ತಿಂಗಳಲ್ಲಿ ಸರ್ಕಾರ ಆದೇಶ ಹೊರಡಿಸಿ, 2024-25ರಿಂದ ಸೇರುವವರಿಗೆ ಮೂರು ವರ್ಷದ ಪದವಿಯನ್ನೇ ಮರಳಿ ತಂದಿತು. ಹೀಗಾಗಿ ಒಂದೇ ಕಾಲೇಜಿನ ಒಂದೇ ಕಾರಿಡಾರಿನಲ್ಲಿ ಬೇರೆ ಬೇರೆ ನಿಯಮದ ವಿದ್ಯಾರ್ಥಿಗಳು ಓಡಾಡಿದರು. ಹಿಂದಿನ ಬ್ಯಾಚಿಗೆ ಸಾಮಾನ್ಯವಾಗಿ ನೂರರಲ್ಲಿ 40 ಆಂತರಿಕ (ಕಾಲೇಜಿನಲ್ಲೇ ಕೊಡುವ ಇಂಟರ್ನಲ್ಸ್), 60 ಪರೀಕ್ಷೆ. ಹೊಸ ಬ್ಯಾಚಿಗೆ 20 ಆಂತರಿಕ, 80 ಪರೀಕ್ಷೆ.

ಇದರ ಅರ್ಥ ಗೊತ್ತಾಯಿತಲ್ಲ? ‘ಇಂಟರ್ನಲ್ಸ್ ಚೆನ್ನಾಗಿದ್ದರೆ ಪರೀಕ್ಷೆಯಲ್ಲಿ ಸ್ವಲ್ಪ ಬರೆದರೂ ಪಾಸು’ ಎಂದು ಸೀನಿಯರ್ ಅಕ್ಕ ಹೇಳಿದ ಮಾತು ಅವಳಿಗೆ ನಿಜ. ನಿಮಗೆ ಅಲ್ಲ.

ಇಲ್ಲಿ ಬೀಳುವ ತಪ್ಪು ಇನ್ನೊಂದಿದೆ. ಪಾಸಾಗಲು ಒಟ್ಟು ಅಂಕದ ಕನಿಷ್ಠ ಒಂದು, ಲಿಖಿತ ಪರೀಕ್ಷೆಯಲ್ಲಿ ಪ್ರತ್ಯೇಕವಾಗಿ ತೆಗೆಯಬೇಕಾದ ಕನಿಷ್ಠ ಇನ್ನೊಂದು ಇರುತ್ತದೆ. ಒಟ್ಟು ಕೂಡಿಸಿ ನೋಡಿ ನಿರಾಳವಾಗುವವರು ಎರಡನೆಯದನ್ನು ಮರೆಯುತ್ತಾರೆ. ನಿಮ್ಮ ಬ್ಯಾಚಿನ ಪಠ್ಯಕ್ರಮದ ಮೊದಲ ಹತ್ತು ಪುಟಗಳಲ್ಲೇ ಎರಡೂ ಇವೆ. ಎಲ್ಲರೂ ನೇರ ಘಟಕ ಒಂದಕ್ಕೆ ಹಾರುವುದರಿಂದ ಯಾರೂ ಓದದ ಪುಟಗಳು ಅವು.

ಹಂತ 2: ನಿಮ್ಮ ಮೆಂಟರ್ ಯಾರು, ಅವರಿಂದ ಏನು ಆಗುತ್ತದೆ

ಮೆಂಟರ್ ಅಂದರೆ ಇಪ್ಪತ್ತು-ಮೂವತ್ತು ವಿದ್ಯಾರ್ಥಿಗಳ ಓದು, ಹಾಜರಿ, ತೊಂದರೆ ನೋಡಿಕೊಳ್ಳಲು ಕಾಲೇಜು ಗೊತ್ತುಮಾಡಿದ ಅಧ್ಯಾಪಕರು. ಪಟ್ಟಿ ನೋಟಿಸ್ ಬೋರ್ಡಿನಲ್ಲಿರುತ್ತದೆ. ಕೆಲವು ಕಡೆ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ ಮಾತ್ರ ಇರುತ್ತದೆ, ಅದನ್ನೂ ಹೇಳಿಬಿಡೋಣ. ಇಲ್ಲದಿದ್ದರೆ ವಿಭಾಗದ ಮುಖ್ಯಸ್ಥರನ್ನೇ ಕೇಳಿ: ‘ನನ್ನ ಮೆಂಟರ್ ಯಾರು ಸರ್?’ ಕೇಳಿದರೆ ಹೆಸರು ಸಿಗುತ್ತದೆ.

ಮೆಂಟರ್ ಅಂಕ ಹೆಚ್ಚಿಸುವವರಲ್ಲ, ಹಾಜರಿಯ ಶಾರ್ಟೇಜ್ ಅಳಿಸುವವರೂ ಅಲ್ಲ. ಅವರಿಗೆ ಗೊತ್ತಿರುವುದು ದಾರಿ: ಯಾವ ಅರ್ಜಿ ಯಾರ ಮೇಜಿಗೆ, ಯಾವ ದಿನದೊಳಗೆ. ಸೆಮಿಸ್ಟರಿನಲ್ಲಿ ಮೂರು ಸಲ ಭೇಟಿಯಾದರೆ ಸಾಕು. ಮೊದಲ ಮೂರು ವಾರದೊಳಗೆ, ಐಚ್ಛಿಕ ವಿಷಯ ಬದಲಿಸುವ ಅವಕಾಶ ಇರುವಾಗ ಒಮ್ಮೆ. ಮೊದಲ ಟೆಸ್ಟ್ ಆದ ಮೇಲೆ ಒಮ್ಮೆ. ಪರೀಕ್ಷಾ ಅರ್ಜಿ ತುಂಬುವ ಮೊದಲು ಒಮ್ಮೆ.

ಐಚ್ಛಿಕ ಆಯ್ಕೆ ಮಾಡುವಾಗ ‘ಯಾವುದು ಸುಲಭ?’ ಎಂದು ಕೇಳಬೇಡಿ. ‘ಮುಂದೆ ಎಂ.ಎ., ಎಂ.ಕಾಂ., ಬಿ.ಇಡಿ. ಮಾಡಬೇಕೆಂದರೆ ಇದು ನಡೆಯುತ್ತದೆಯೇ?’ ಎಂದು ಕೇಳಿ. ಗೆಳೆಯರ ಗುಂಪು ಎಲ್ಲಿ ಹೋಯಿತೋ ಅಲ್ಲಿ ಹೋಗಿ, ಬಿ.ಇಡಿ. ಅರ್ಜಿ ಹಾಕುವಾಗ ವಿಷಯ ಜೋಡಿ ಹೊಂದುತ್ತಿಲ್ಲ ಎಂದು ತಿಳಿಯುವುದು ಬಹಳ ತಡವಾದ ತಿಳಿವಳಿಕೆ.

ಹಂತ 3: ಹಾಜರಿಯ ಲೆಕ್ಕ ನೀವೇ ಇಡಿ

ಶೇಕಡಾ 75. ಇದು ಎಲ್ಲರಿಗೂ ಬಾಯಿಪಾಠ. ಯಾವುದರ 75 ಎನ್ನುವುದು ಗೊತ್ತಿರುವವರು ಕಡಿಮೆ. ಕ್ಯಾಲೆಂಡರಿನ ದಿನಗಳದ್ದಲ್ಲ, ನಡೆದ ತರಗತಿಗಳದ್ದು. ಅದೂ ಸಾಮಾನ್ಯವಾಗಿ ವಿಷಯವಾರು. ಪ್ರಾಯೋಗಿಕ ತರಗತಿಗೆ ಬೇರೆ ಲೆಕ್ಕ.

ಒಂದು ವಿಷಯಕ್ಕೆ ಇಡೀ ಸೆಮಿಸ್ಟರಿನಲ್ಲಿ 60 ತರಗತಿ ನಡೆಯುತ್ತವೆ ಎಂದಿಟ್ಟುಕೊಳ್ಳಿ. ಬೇಕಾದದ್ದು 45. ಅರ್ಧ ದಾರಿಯಲ್ಲಿ, 30 ತರಗತಿ ಆದಾಗ, ನೀವು 18ಕ್ಕೆ ಹಾಜರಿದ್ದೀರಿ. ಉಳಿದ 30ರಲ್ಲಿ 27ಕ್ಕೆ ಬರಲೇಬೇಕು. ತಪ್ಪಿಸಲು ಸಿಗುವುದು ಮೂರೇ ತರಗತಿ. ಆ ಹೊತ್ತಿಗೆ 15 ಮಾತ್ರ ಇದ್ದರೆ, ಮುಂದೆ ಒಂದೂ ತಪ್ಪುವಂತಿಲ್ಲ. 14 ಆಗಿದ್ದರೆ ದೇವರು ಬಂದರೂ 75 ಆಗುವುದಿಲ್ಲ. ಹಾಗಾಗಿ ಲೆಕ್ಕ ನೋಡಬೇಕಾದ ಸಮಯ ಸೆಮಿಸ್ಟರಿನ ಅರ್ಧ, ಕೊನೆಯಲ್ಲ.

ನಮ್ಮ ಕಡೆ ಹಾಜರಿ ಎಲ್ಲಿ ಸೋರುತ್ತದೆ ಎಂದು ನೋಡಿದರೆ, ಮೊದಲನೆಯದು ಮೊದಲ ಪೀರಿಯಡ್. ಜೋಯಿಡಾ ಕಡೆಯ ಬಸ್ಸೋ ಹೊನ್ನಾವರದ ಒಳಊರಿನ ಬಸ್ಸೋ ಹದಿನೈದು ನಿಮಿಷ ತಡವಾಗುತ್ತದೆ. ವೇಳಾಪಟ್ಟಿಯಲ್ಲಿ ವಾರಕ್ಕೆ ಮೂರು ದಿನ ಮೊದಲ ಪೀರಿಯಡ್ ಒಂದೇ ವಿಷಯದ್ದಾದರೆ, ಉಳಿದ ಎಲ್ಲದರಲ್ಲಿ 90 ಇರುವ ಹುಡುಗಿಗೆ ಅದೊಂದರಲ್ಲಿ ಶಾರ್ಟೇಜ್. ಬಸ್ ಸಮಸ್ಯೆ ಇದ್ದರೆ ಜೂನ್-ಜುಲೈಯಲ್ಲೇ ಬರೆದು ಕೊಡಿ. ವೇಳಾಪಟ್ಟಿ ತಿರುಗಿಸುವುದು ಆಗ ಕಷ್ಟವಲ್ಲ.

ಎರಡನೆಯದು ಮಳೆ ರಜೆ. ಜಿಲ್ಲಾಧಿಕಾರಿ ರಜೆ ಘೋಷಿಸಿದ ದಿನ ತರಗತಿಯೇ ನಡೆಯುವುದಿಲ್ಲ, ಆದ್ದರಿಂದ ನಷ್ಟವಿಲ್ಲ. ಆದರೆ ಆ ರಜೆಗಳನ್ನು ತುಂಬಲು ಮುಂದೆ ಶನಿವಾರ ಮಧ್ಯಾಹ್ನ, ಕೆಲವೊಮ್ಮೆ ಭಾನುವಾರ ತರಗತಿ ಇಡುತ್ತಾರಲ್ಲ, ಅವು ನಡೆದ ತರಗತಿಗಳೇ. ‘ಅದು ಎಕ್ಸ್‌ಟ್ರಾ ಕ್ಲಾಸು’ ಎಂದು ಮನೆಯಲ್ಲಿ ಕೂತವರ ಲೆಕ್ಕ ಅಲ್ಲಿ ಕೆಡುತ್ತದೆ.

ಇನ್ನೊಂದು, ಕಾಲೇಜು ನಡೆದೂ ನಿಮಗೆ ಬರಲಾಗದ ದಿನ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತು. ಅದೇ ವರ್ಷ ಆಗಸ್ಟ್ 7ರಂದು ಕಾರವಾರದ ಬಳಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ನದಿಯಾಚೆಯ ಸದಾಶಿವಗಡದ ಕಡೆಯವರಿಗೆ ಇದನ್ನು ನಾನು ವಿವರಿಸಬೇಕಿಲ್ಲ. ಇಂಥ ದಿನಗಳಿಗೆ ಅದೇ ವಾರ ಕಾರಣ ಬರೆದ ಪತ್ರ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಮೂರು ತಿಂಗಳ ನಂತರ ‘ಆಗ ರಸ್ತೆ ಬಂದ್ ಇತ್ತಲ್ಲ ಸರ್’ ಎಂದರೆ ಅದು ಎಲ್ಲರಿಗೂ ನೆನಪಿರುತ್ತದೆ, ದಾಖಲೆ ಮಾತ್ರ ಇರುವುದಿಲ್ಲ.

ಅಡಿಕೆಯ ಕೊನೆಕೊಯ್ಲು, ಬೋಟ್ ಕೆಲಸ, ರಾತ್ರಿ ಯಕ್ಷಗಾನದ ಆಟಕ್ಕೆ ವೇಷ ಕಟ್ಟುವುದು, ಇವನ್ನು ನಾನು ತಪ್ಪೆನ್ನುವುದಿಲ್ಲ. ಮನೆಯ ಅನ್ನ ಅದರಲ್ಲಿದೆ. ಆದರೆ ಅವಕ್ಕೆ ಹಾಜರಿ ಸಿಗುವುದಿಲ್ಲ. ಮೊದಲೇ ಮೆಂಟರ್‌ಗೆ ಹೇಳಿ, ತಪ್ಪಿಸಬಹುದಾದ ಆ ಕಾಲುಭಾಗವನ್ನು ಆ ದಿನಗಳಿಗೇ ಉಳಿಸಿಕೊಳ್ಳಿ. ಎನ್‌ಸಿಸಿ, ಎನ್‌ಎಸ್‌ಎಸ್, ಕ್ರೀಡಾಕೂಟಕ್ಕೆ ‘ಓ.ಡಿ.’ (ಆನ್ ಡ್ಯೂಟಿ), ಅಂದರೆ ಕರ್ತವ್ಯದ ಮೇಲಿನ ಹಾಜರಿ, ಸಿಗುತ್ತದೆ. ಹೋಗುವ ಮೊದಲೇ ಪತ್ರ ಮಾಡಿಸಿ.

ವೈದ್ಯಕೀಯ ಸರ್ಟಿಫಿಕೇಟ್ ಕೊಟ್ಟ ಕೂಡಲೇ ಹಾಜರಿ ಸೇರುವುದಿಲ್ಲ. ಅದು ಕೊರತೆ ಮನ್ನಾ ಕೇಳಲು ಒಂದು ಆಧಾರ, ಅಷ್ಟೇ.

ಹಂತ 4: ಇಂಟರ್ನಲ್ಸ್ ಲಾಕ್ ಆಗುವ ಮೊದಲು ಕಣ್ಣಾರೆ ನೋಡಿ

ಈ ಲೇಖನದಲ್ಲಿ ಒಂದೇ ಹಂತ ಓದುತ್ತೀರಿ ಎಂದಾದರೆ ಇದನ್ನು ಓದಿ.

ಆಂತರಿಕ ಅಂಕ, ಐಎ, ಇಂಟರ್ನಲ್ಸ್, ಯಾವ ಹೆಸರಿನಿಂದ ಕರೆದರೂ ಅದು ಟೆಸ್ಟ್, ಅಸೈನ್‌ಮೆಂಟ್, ಸೆಮಿನಾರ್ ಇವುಗಳ ಮೊತ್ತ. ವಿಷಯ ಅಧ್ಯಾಪಕರು ಅದನ್ನು ಪಟ್ಟಿ ಮಾಡಿ ಯುಯುಸಿಎಂಎಸ್‌ನಲ್ಲಿ ತುಂಬುತ್ತಾರೆ, ಪ್ರಾಂಶುಪಾಲರ ಲಾಗಿನ್‌ನಿಂದ ಅನುಮೋದನೆಯಾಗಿ ಲಾಕ್ ಆಗುತ್ತದೆ. ಅಲ್ಲಿಂದ ಮುಂದೆ ಅದು ಧಾರವಾಡದ ಅಂಕ.

ನಾನೇ ಒಮ್ಮೆ ಪಟ್ಟಿ ತುಂಬುವಾಗ ಒಂದು ಸಾಲು ಜಾರಿದ್ದೆ. ಸತತ ಒಂಬತ್ತು ಜನರಿಗೆ ಪಕ್ಕದವರ ಅಂಕ ಹೋಗಿತ್ತು. ಬೋರ್ಡಿನಲ್ಲಿ ಹಾಕಿದ್ದನ್ನು ಮುಗುಮ್ಮಾಗಿ ನೋಡಿ ಹೋದವರು ಎಂಟು ಜನ. ಒಂಬತ್ತನೆಯವಳು ಬಂದು, ‘ಸರ್, ನಾನು ಸೆಮಿನಾರ್ ಕೊಟ್ಟೇ ಇಲ್ಲ, ಐದಕ್ಕೆ ಐದು ಹೇಗೆ ಬಂತು?’ ಎಂದಳು. ಅವಳ ಪ್ರಾಮಾಣಿಕತೆಯಿಂದ ಉಳಿದವರದ್ದೂ ಸರಿಯಾಯಿತು.

ಆದ್ದರಿಂದ ಹೀಗೆ ಮಾಡಿ. ಟೆಸ್ಟ್ ಪೇಪರ್ ಮರಳಿ ಕೊಟ್ಟಾಗ ಎಸೆಯಬೇಡಿ. ಕೊಡದಿದ್ದರೆ ಅಂಕವನ್ನು ದಿನಾಂಕದೊಂದಿಗೆ ಆ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅಸೈನ್‌ಮೆಂಟಿನ ಮೊದಲ ಪುಟದ ಫೋಟೋ ತೆಗೆದಿಡಿ. ಅಂಕಪಟ್ಟಿಗೆ ಸಹಿ ಮಾಡಿ ಎಂದಾಗ, ನಿಮ್ಮ ಹೆಸರಿನ ಮುಂದೆ ಸ್ಕೇಲ್ ಇಟ್ಟು ಆ ಅಡ್ಡಸಾಲು ಪೂರ್ತಿ ಓದಿ, ಆಮೇಲೆ ಸಹಿ. ಖಾಲಿ ಕಾಲಂ ಮುಂದೆ ಸಹಿ ಬೇಡ.

ತಪ್ಪಿದ್ದರೆ ಬಾಯಲ್ಲಿ ಹೇಳಿ ಬಿಡಬೇಡಿ. ಹೀಗೊಂದು ಚೀಟಿ ಸಾಕು:

‘ಮಾನ್ಯರೇ, ನಾನು ಬಿ.ಎ. ಮೂರನೇ ಸೆಮಿಸ್ಟರ್, ನೋಂದಣಿ ಸಂಖ್ಯೆ ಇಂಥದ್ದು. ಇತಿಹಾಸ ವಿಷಯದ ಎರಡನೇ ಟೆಸ್ಟಿನಲ್ಲಿ ನನಗೆ ಬಂದ ಅಂಕ 9. ಪ್ರಕಟಿಸಿದ ಪಟ್ಟಿಯಲ್ಲಿ 6 ಎಂದಿದೆ. ಉತ್ತರ ಪತ್ರಿಕೆಯ ನಕಲು ಲಗತ್ತಿಸಿದ್ದೇನೆ. ಪರಿಶೀಲಿಸಿ ಸರಿಪಡಿಸಬೇಕಾಗಿ ವಿನಂತಿ.’

ಬೈಗುಳವೂ ಬೇಡ, ಮನೆಯ ಕಷ್ಟವೂ ಬೇಡ. ಸಂಖ್ಯೆ, ದಿನಾಂಕ, ಆಧಾರ, ಇವಿಷ್ಟು ಸಾಕು. ‘ಮೇಷ್ಟ್ರು ಬೇಜಾರು ಮಾಡಿಕೊಂಡರೆ?’ ಎಂದು ಹೆದರುವವರಿಗೆ: ಬೇಜಾರು ಎರಡು ದಿನ ಇರುತ್ತದೆ, ಅಂಕಪಟ್ಟಿ ಆಯುಷ್ಯ ಪೂರ್ತಿ.

ಹಂತ 5: ಗ್ರೇಡಿನ ಗಣಿತ

ಕ್ರೆಡಿಟ್ ಎಂದರೆ ವಿಷಯದ ತೂಕ. ವಾರಕ್ಕೆ ಒಂದು ಗಂಟೆಯ ಪಾಠ ಒಂದು ಸೆಮಿಸ್ಟರ್ ನಡೆದರೆ ಒಂದು ಕ್ರೆಡಿಟ್. ಪ್ರಾಯೋಗಿಕವಾದರೆ ಎರಡು ಗಂಟೆಗೆ ಒಂದು. ಗ್ರೇಡ್ ಪಾಯಿಂಟ್ ಎಂದರೆ ನಿಮ್ಮ ಅಂಕವನ್ನು ಹತ್ತರ ಅಳತೆಗೆ ಇಳಿಸಿದ್ದು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾದರಿಯಲ್ಲಿ ಒ ಗ್ರೇಡಿಗೆ 10, ಎ ಪ್ಲಸ್‌ಗೆ 9, ಎ 8, ಬಿ ಪ್ಲಸ್ 7, ಬಿ 6, ಸಿ 5, ಪಿ 4, ಎಫ್‌ಗೆ ಸೊನ್ನೆ. ಎಷ್ಟು ಅಂಕಕ್ಕೆ ಯಾವ ಗ್ರೇಡ್ ಎಂದು ನಿರ್ಧರಿಸುವುದು ಆಯಾ ವಿಶ್ವವಿದ್ಯಾಲಯ. ಹಾಗಾಗಿ ಯೂಟ್ಯೂಬಿನಲ್ಲಿ ಯಾವುದೋ ಊರಿನವರು ತೋರಿಸಿದ ಕೋಷ್ಟಕ ನಂಬಬೇಡಿ.

ಎಸ್‌ಜಿಪಿಎ ಒಂದು ಸೆಮಿಸ್ಟರಿನ ಸರಾಸರಿ, ಸಿಜಿಪಿಎ ಈವರೆಗಿನ ಎಲ್ಲ ಸೆಮಿಸ್ಟರುಗಳದ್ದು. ಆದರೆ ಬರೀ ಸರಾಸರಿ ಅಲ್ಲ, ತೂಕದ ಸರಾಸರಿ. ಉದಾಹರಣೆಗೆ, ಅರ್ಥಶಾಸ್ತ್ರ 5 ಕ್ರೆಡಿಟ್, ಪಾಯಿಂಟ್ 7. ಇತಿಹಾಸ 5, ಪಾಯಿಂಟ್ 6. ರಾಜ್ಯಶಾಸ್ತ್ರ 5, ಪಾಯಿಂಟ್ 8. ಕನ್ನಡ 3, ಪಾಯಿಂಟ್ 9. ಇಂಗ್ಲಿಷ್ 3, ಪಾಯಿಂಟ್ 5. ಸಂವಿಧಾನ 2, ಪಾಯಿಂಟ್ 9. ಪ್ರತಿಯೊಂದನ್ನೂ ಗುಣಿಸಿ ಕೂಡಿಸಿ: 35, 30, 40, 27, 15, 18, ಒಟ್ಟು 165. ಕ್ರೆಡಿಟ್ ಒಟ್ಟು 23. ಭಾಗಿಸಿದರೆ 7.17. ಆರೂ ಪಾಯಿಂಟುಗಳನ್ನು ಕೂಡಿಸಿ ಆರರಿಂದ ಭಾಗಿಸಿದವರಿಗೆ 7.33 ಬರುತ್ತದೆ. ‘ವಿಶ್ವವಿದ್ಯಾಲಯ ತಪ್ಪು ಹಾಕಿದೆ’ ಎಂಬ ದೂರುಗಳಲ್ಲಿ ಅರ್ಧದಷ್ಟರ ಮೂಲ ಇದೇ.

ಇದೇ ಲೆಕ್ಕ ಇನ್ನೊಂದನ್ನೂ ತೋರಿಸುತ್ತದೆ. ಅರ್ಥಶಾಸ್ತ್ರದಲ್ಲಿ ಒಂದು ಪಾಯಿಂಟ್ ಏರಿಸಿದರೆ 7.39 ಆಗುತ್ತದೆ. ಸಂವಿಧಾನದಲ್ಲಿ ಒಂದು ಏರಿಸಿದರೆ 7.26. ಓದುವ ಸಮಯ ಕಡಿಮೆ ಇದ್ದಾಗ ಎಲ್ಲಿ ಕೂರಬೇಕು ಎಂಬುದಕ್ಕೆ ಬೇರೆ ಸಲಹೆ ಬೇಡ. ಹಾಗೆಂದು ಸಣ್ಣ ವಿಷಯ ಬಿಡಬೇಡಿ. ಎರಡು ಕ್ರೆಡಿಟ್ಟಿನದ್ದು ಫೇಲಾದರೂ ಪದವಿ ನಿಲ್ಲುತ್ತದೆ.

ಶೇಕಡಾವಾರು ಎಷ್ಟು ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಅಂಕಪಟ್ಟಿಯಲ್ಲಿ ಅಥವಾ ಬ್ಯಾಚಿನ ನಿಯಮಾವಳಿಯಲ್ಲಿ ಅಚ್ಚಾಗಿರುವ ಪರಿವರ್ತನೆಯ ಸೂತ್ರ. ಕೆಲಸದ ಅರ್ಜಿಯಲ್ಲಿ ಸ್ವಂತ ಸೂತ್ರ ಬಳಸಬೇಡಿ. ದಾಖಲೆ ಪರಿಶೀಲನೆಯ ದಿನ ಅದು ಸುಳ್ಳು ಮಾಹಿತಿ ಅನ್ನಿಸಿಕೊಂಡೀತು.

ಹಂತ 6: ಹೆಸರು, ಎಬಿಸಿ ಐಡಿ

ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಎಂದರೆ ನಿಮ್ಮ ಕ್ರೆಡಿಟ್‌ಗಳ ಬ್ಯಾಂಕ್ ಖಾತೆ, ಹನ್ನೆರಡು ಅಂಕಿಯ ಸಂಖ್ಯೆ. ಡಿಜಿಲಾಕರ್ ಮೂಲಕ ಮಾಡಿಕೊಳ್ಳಬಹುದು. ಇಲ್ಲಿ ನಮ್ಮ ಜಿಲ್ಲೆಯವರಿಗೆ ಕಾಡುವುದು ಹೆಸರು. ನಾಯ್ಕ-ನಾಯಕ, ಹೆಗಡೆ-ಹೆಗ್ಡೆ, ಭಟ್ಟ-ಭಟ್. ಆಧಾರಿನಲ್ಲಿ ಒಂದು ಸ್ಪೆಲ್ಲಿಂಗ್, ಎಸ್‌ಎಸ್‌ಎಲ್‌ಸಿಯಲ್ಲಿ ಇನ್ನೊಂದು, ಮೂರನೆಯ ಕಡೆ ತಂದೆಯ ಹೆಸರು ನಡುವೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವುದನ್ನೇ ಆಧಾರವಾಗಿ ಹಿಡಿದು ಉಳಿದದ್ದನ್ನು ಮೊದಲ ಸೆಮಿಸ್ಟರಿನಲ್ಲೇ ಹೊಂದಿಸಿ. ವಿದ್ಯಾರ್ಥಿವೇತನ ಬಾರದೆ ಸಿಕ್ಕಿಬೀಳುವುದೂ ಅನೇಕ ಸಲ ಇದೇ ಕಾರಣಕ್ಕೆ.

ಹಂತ 7: ಫಲಿತಾಂಶ ಬಂದ ಮೇಲೆ

ಮೊದಲು ಸ್ಕ್ರೀನ್‌ಶಾಟ್. ಆಮೇಲೆ ತಪ್ಪು ಯಾವ ಜಾತಿಯದ್ದು ನೋಡಿ.

ಬರೆದ ಪರೀಕ್ಷೆಗೆ ಆಬ್ಸೆಂಟ್ ಬಂದಿದ್ದರೆ ಅದು ಮರುಮೌಲ್ಯಮಾಪನದ ವಿಷಯವೇ ಅಲ್ಲ, ದುಡ್ಡು ಕಟ್ಟಬೇಡಿ. ಹಾಲ್ ಟಿಕೆಟ್ ಹಿಡಿದು ಕಾಲೇಜು ಕಚೇರಿಗೆ ಹೋಗಿ. ಪರೀಕ್ಷಾ ಕೊಠಡಿಯಲ್ಲಿ ನೀವು ಸಹಿ ಮಾಡಿದ ಹಾಜರಿ ಹಾಳೆಯ ಪ್ರತಿಯೊಂದಿಗೆ ಪ್ರಾಂಶುಪಾಲರು ಮೌಲ್ಯಮಾಪನ ಕುಲಸಚಿವರಿಗೆ ಬರೆಯುತ್ತಾರೆ. ಅದಕ್ಕೇ ಹಾಲ್ ಟಿಕೆಟನ್ನು ಪರೀಕ್ಷೆ ಮುಗಿದ ದಿನ ಬಸ್ಸಿನಲ್ಲಿ ಬಿಟ್ಟುಬರಬಾರದು. ಐಎ ತಪ್ಪಿದ್ದರೂ ದಾರಿ ಇದೇ, ಕಾಲೇಜಿನ ದಾಖಲೆಯ ಜೊತೆ.

ಲಿಖಿತ ಅಂಕ ಕಡಿಮೆ ಅನಿಸಿದರೆ ಮೊದಲು ಉತ್ತರ ಪತ್ರಿಕೆಯ ನಕಲು ಪ್ರತಿಗೆ ಅರ್ಜಿ ಹಾಕಿ. ಅದನ್ನು ವಿಷಯ ಅಧ್ಯಾಪಕರಿಗೆ ತೋರಿಸಿ, ಕೂಡಿಸುವಲ್ಲಿ ತಪ್ಪಿದೆಯೇ, ಯಾವುದಾದರೂ ಉತ್ತರ ಮೌಲ್ಯಮಾಪನವಾಗದೆ ಉಳಿದಿದೆಯೇ ನೋಡಿಸಿ. ಆಮೇಲೆ ಮರುಮೌಲ್ಯಮಾಪನ. ‘ಚೆನ್ನಾಗಿ ಬರೆದಿದ್ದೆ’ ಎಂಬ ನಂಬಿಕೆಯ ಮೇಲೆ ನಾಲ್ಕು ವಿಷಯಕ್ಕೆ ದುಡ್ಡು ಕಟ್ಟುವುದು ಲಾಟರಿ. ಕೊನೆಯ ದಿನಾಂಕ ಯುಯುಸಿಎಂಎಸ್‌ನಲ್ಲೂ ಕಾಲೇಜಿನ ಬೋರ್ಡಿನಲ್ಲೂ ಬರುತ್ತದೆ. ಅವಧಿ ಚಿಕ್ಕದು.

ಎಚ್ಚರಿಕೆ: ಮರುಮೌಲ್ಯಮಾಪನದ ಉತ್ತರ ಬರಲಿ ಎಂದು ಕಾಯುತ್ತಾ, ಮುಂದಿನ ಸಲದ ಬ್ಯಾಕ್‌ಲಾಗ್ (ಫೇಲಾದ ವಿಷಯದ) ಪರೀಕ್ಷೆಯ ಅರ್ಜಿ ಬಿಡಬೇಡಿ. ಎರಡನ್ನೂ ಹಾಕಿ. ಮರುಮೌಲ್ಯಮಾಪನದಲ್ಲಿ ಪಾಸಾದರೆ ಪರೀಕ್ಷಾ ಶುಲ್ಕವಷ್ಟೇ ಹೋಗುತ್ತದೆ, ಆಗದಿದ್ದರೆ ಒಂದು ವರ್ಷ ಉಳಿತಾಯವಾಗುತ್ತದೆ.

ಇಷ್ಟರಲ್ಲೂ ಆಗದಿದ್ದರೆ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇದೆ. ಯುಜಿಸಿಯ 2023ರ ನಿಯಮದ ಪ್ರಕಾರ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಬಳಿ, ಅಂದರೆ ದೂರು ಆಲಿಸಲು ನೇಮಿಸಿದ ಸ್ವತಂತ್ರ ಅಧಿಕಾರಿಯ ಬಳಿ, ಮೇಲ್ಮನವಿ ಸಲ್ಲಿಸಬಹುದು. ನಿಮ್ಮದೇ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಬಹುದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅರ್ಜಿ ಶುಲ್ಕ ಹತ್ತು ರೂಪಾಯಿ. ಇದು ಕೊನೆಯ ಮೆಟ್ಟಿಲು, ಮೊದಲನೆಯದಲ್ಲ. ಮೂವತ್ತು ದಿನ ಕಾಯುವಷ್ಟರಲ್ಲಿ ಮರುಮೌಲ್ಯಮಾಪನದ ಕಿಟಕಿ ಮುಚ್ಚಿರುತ್ತದೆ.

ಹಂತ 8: ಇದು ಸಹೋದ್ಯೋಗಿಗಳಿಗೆ

ಅತಿಥಿ ಉಪನ್ಯಾಸಕರಾಗಿ ಹೊಸದಾಗಿ ಸೇರಿದವರು ಹೆಚ್ಚಾಗಿ ಕೇಳುವುದು, ‘ಐಎ ಹೇಗೆ ಕೊಡಬೇಕು?’ ಮೊದಲ ವಾರವೇ ತರಗತಿಯಲ್ಲಿ ಹಲಗೆಯ ಮೇಲೆ ಬರೆದುಬಿಡಿ: ಟೆಸ್ಟಿಗೆ ಎಷ್ಟು, ಅಸೈನ್‌ಮೆಂಟಿಗೆ ಎಷ್ಟು, ತಡವಾದರೆ ಏನು. ಎಲ್ಲರಿಗೂ 20ಕ್ಕೆ 18 ಹಾಕಿ ಒಳ್ಳೆಯವರಾಗುವುದು ಸುಲಭ. ಆದರೆ ಪರೀಕ್ಷೆಯಲ್ಲಿ 80ಕ್ಕೆ 22 ಬಂದಾಗ ಆ ಹುಡುಗನಿಗೆ ಮೊದಲೇ ಎಚ್ಚರಿಸುವವರು ಯಾರೂ ಇರಲಿಲ್ಲ ಎಂದಾಗುತ್ತದೆ.

ಹಾಜರಿ ಕೊರತೆಯ ಮೊದಲ ಪಟ್ಟಿಯನ್ನು ಎಂಟನೇ ವಾರದಲ್ಲಿ ಹಾಕಿ. ಹದಿನಾಲ್ಕನೇ ವಾರದಲ್ಲಿ ಹಾಕಿದರೆ ಅದು ಎಚ್ಚರಿಕೆಯಲ್ಲ, ತೀರ್ಪು. ಮನೆಗೆ ಫೋನ್ ಮಾಡುವಾಗ ದೂರು ಹೇಳಬೇಡಿ, ಸಂಖ್ಯೆ ಹೇಳಿ: ‘ಇನ್ನು ಮೂವತ್ತರಲ್ಲಿ ಇಪ್ಪತ್ತೇಳಕ್ಕೆ ಬರಬೇಕು.’ ಅಪ್ಪ ಬೋಟಿನಲ್ಲಿದ್ದರೂ ತೋಟದಲ್ಲಿದ್ದರೂ ಆ ಲೆಕ್ಕ ಅರ್ಥವಾಗುತ್ತದೆ.

ಐಎ ಪಟ್ಟಿಯನ್ನು ಲಾಕ್ ಮಾಡುವ ಮೊದಲು ಕನಿಷ್ಠ ಮೂರು ಕೆಲಸದ ದಿನ ಬೋರ್ಡಿನಲ್ಲಿಡಿ. ವಾಟ್ಸಾಪ್ ಗುಂಪಿಗೆ ಹಾಕುವುದಾದರೆ ಹೆಸರಿಲ್ಲದೆ, ನೋಂದಣಿ ಸಂಖ್ಯೆಯ ಕೊನೆಯ ಮೂರು ಅಂಕಿ ಸಾಕು. ಆನ್‌ಲೈನಿನಲ್ಲಿ ತುಂಬುವಾಗ ಒಬ್ಬರೇ ಕೂರಬೇಡಿ. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಒತ್ತಲಿ. ಕೊನೆಯಲ್ಲಿ ಮೊದಲ, ನಡುವಿನ ಮತ್ತು ಕಟ್ಟಕಡೆಯ ನೋಂದಣಿ ಸಂಖ್ಯೆ ಹಿಡಿದು ತಾಳೆ ನೋಡಿ. ಸಾಲು ಜಾರಿದ್ದರೆ ಕಡೆಯದರಲ್ಲಿ ಸಿಕ್ಕಿಬೀಳುತ್ತದೆ. ಸಹಿ ಮಾಡಿದ ಪಟ್ಟಿಯ ಒಂದು ಪ್ರತಿ ನಿಮ್ಮ ಕಪಾಟಿನಲ್ಲಿರಲಿ, ಮಳೆಗಾಲದಲ್ಲಿ ಗೋಡೆ ಕಡೆಯ ಖಾನೆ ಬಿಟ್ಟು, ಪ್ಲಾಸ್ಟಿಕ್ ಚೀಲದೊಳಗೆ.